ಮುಂದೆ ಒಂದೇ ಚೈನ್‌ರಿಂಗ್: ಬೆಲೆ, ತೂಕ, ಓಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾದಿಯಲ್ಲಿ ಜೊತೆಯಾದವರು, ಪತ್ರ ಬರೆದವರು, ಮೌಂಟನ್ ಬೈಕ್ ಕೊಳ್ಳುವ ಹಿಂದಿನ ರಾತ್ರಿ ಫೋನ್ ಮಾಡಿದವರು ಕೇಳಿದ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಚೈನ್‌ರಿಂಗ್ ಎಂದರೆ ಪೆಡಲಿನ ಬಳಿ ಚೈನ್ ಸುತ್ತುವ ಹಲ್ಲುಚಕ್ರ. ತೂಕದ ಅಂಕಿಗಳು ತಕ್ಕಡಿಯಲ್ಲಿ ಕೆಲವು ಗ್ರಾಂ ಆಚೀಚೆಯಾಗುತ್ತವೆ. ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅದನ್ನು ಎಷ್ಟು ಪಟ್ಟು ಎಂಬ ಲೆಕ್ಕದಲ್ಲಷ್ಟೇ ಹೇಳಿದ್ದೇನೆ.

## ಮೊದಲ ಪ್ರಶ್ನೆಗಳು

ಹಿಂದೆಲ್ಲ ಮುಂದೆ ಮೂರು ಚೈನ್‌ರಿಂಗ್ ಇರುತ್ತಿದ್ದವು. ಈಗ ಒಂದೇ ಸಾಕು ಎನ್ನುತ್ತಾರೆ. ಹಾಗಾದರೆ ಆ ಮೂರು ಸುಮ್ಮನೆ ಇದ್ದವೇ?

ಸುಮ್ಮನೆ ಇರಲಿಲ್ಲ. ಕ್ಯಾಸೆಟ್‌ನ (ಹಿಂದಿನ ಚಕ್ರದಲ್ಲಿರುವ ಹಲ್ಲುಚಕ್ರಗಳ ಗೊಂಚಲು) ಅತಿ ದೊಡ್ಡ ಹಲ್ಲುಚಕ್ರ 34 ಅಥವಾ 36 ಹಲ್ಲಿಗೆ ನಿಂತಿದ್ದ ಕಾಲದಲ್ಲಿ ಕಡಿದಾದ ಏರು ಹತ್ತಬೇಕಾದರೆ ಮುಂದೆ ಸಣ್ಣ ರಿಂಗ್ ಬೇಕೇ ಬೇಕಿತ್ತು. ಆದರೆ 3×10 (ಮುಂದೆ ಮೂರು, ಹಿಂದೆ ಹತ್ತು) ಎಂದರೆ ಮೂವತ್ತು ಬೇರೆ ಬೇರೆ ಗೇರ್‌ಗಳೆಂದು ತಿಳಿದವರು ಮೋಸ ಹೋದರು. ಅವುಗಳಲ್ಲಿ ಬಹುಪಾಲು ಒಂದರ ಮೇಲೊಂದು ಬರುವಂಥವು. ಚೈನ್ ವಿಪರೀತ ಓರೆಯಾಗಿ ಬಳಸಲು ಬಾರದಂಥವೂ ಇದ್ದವು.

2012ರಲ್ಲಿ ಸ್ರಾಮ್ ಕಂಪನಿ ಎಕ್ಸ್‌ಎಕ್ಸ್‌1 ಎಂಬ 11 ಗೇರ್‌ಗಳ ವ್ಯವಸ್ಥೆ ತಂದಿತು. ಅದರ ಕ್ಯಾಸೆಟ್ 10ರಿಂದ 42 ಹಲ್ಲಿನದು. 2016ರಲ್ಲಿ ಅದೇ ಕಂಪನಿಯ ಈಗಲ್ ಬಂದಾಗ ಗೇರ್ 12 ಆಯಿತು, ದೊಡ್ಡ ಹಲ್ಲುಚಕ್ರ 50ಕ್ಕೆ ಏರಿತು. 2018ರಲ್ಲಿ ಶಿಮಾನೊ ಕಂಪನಿ 10-51ರ ಎಕ್ಸ್‌ಟಿಆರ್‌ನೊಂದಿಗೆ ಉತ್ತರ ಕೊಟ್ಟಿತು. ಮುಂದಿನ ಸಣ್ಣ ರಿಂಗ್ ಮಾಡುತ್ತಿದ್ದ ಕೆಲಸವನ್ನು ಹಿಂದಿನ ಊಟದ ತಟ್ಟೆಯಗಲದ ಹಲ್ಲುಚಕ್ರ ವಹಿಸಿಕೊಂಡಿತು.

ಮುಂದಿನ ಡಿರೇಲರ್ ತೆಗೆದರೆ ಚೈನ್ ಹಿಡಿಯುವವರು ಯಾರು? ಇಳಿಜಾರಿನಲ್ಲಿ ಉದುರುವುದಿಲ್ಲವೇ?

ಡಿರೇಲರ್ ಎಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ. ಮುಂದೆ ಅದಿಲ್ಲದಿದ್ದರೂ ಎರಡು ಉಪಾಯಗಳು ಚೈನನ್ನು ಹಿಡಿದಿಡುತ್ತವೆ. ಚೈನನ್ನು ಹತ್ತಿರದಿಂದ ನೋಡಿ: ಒಂದು ಕೊಂಡಿ ಅಗಲ, ಮುಂದಿನದು ಕಿರಿದು. ಒಂಟಿ ಚೈನ್‌ರಿಂಗ್‌ನ ಹಲ್ಲುಗಳೂ ಹಾಗೆಯೇ, ಒಂದು ದಪ್ಪ, ಒಂದು ತೆಳು. ದಪ್ಪ ಹಲ್ಲು ಅಗಲ ಕೊಂಡಿಯನ್ನು ತುಂಬಿ ನಿಲ್ಲುತ್ತದೆ, ಅಕ್ಕಪಕ್ಕಕ್ಕೆ ಅಲುಗಲು ಜಾಗವೇ ಉಳಿಯುವುದಿಲ್ಲ. ಹಾಗಾಗಿಯೇ ಈ ರಿಂಗ್‌ಗಳ ಹಲ್ಲಿನ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆ. ಚೈನ್ ಹಾಕುವಾಗ ಒಂದು ಹಲ್ಲು ತಪ್ಪಿದರೆ ಅಗಲ ಹಲ್ಲಿನ ಮೇಲೆ ಕಿರಿದಾದ ಕೊಂಡಿ ಏರಿ ಕೂತು ಕರಕರ ಸದ್ದು ಮಾಡುತ್ತದೆ.

ಎರಡನೆಯದು ಹಿಂದಿನ ಡಿರೇಲರ್‌ನಲ್ಲಿರುವ ಕ್ಲಚ್. ಕುಲುಕಾಟಕ್ಕೆ ಡಿರೇಲರ್‌ನ ತೋಳು ಮುಂದಕ್ಕೆ ಜಗ್ಗಿ ಚೈನ್ ಸಡಿಲವಾಗದಂತೆ ಅದು ತಡೆಯುತ್ತದೆ. ಈ ಎರಡೂ ಸರಿ ಇದ್ದರೆ ಚೈನ್ ಬೀಳುವುದು ಅಪರೂಪ. ಬಹಳ ಒರಟಾದ ಇಳಿಜಾರು ನಿಮ್ಮ ನಿತ್ಯದ ಹಾದಿಯಾದರೆ ಮೇಲೊಂದು ಸಣ್ಣ ಚೈನ್ ಗೈಡ್ (ಚೈನ್ ಜಾರದಂತೆ ತಡೆಯುವ ಭಾಗ) ಹಾಕಿಸಿ. ತೂಕ ಅತ್ಯಲ್ಪ, ನೆಮ್ಮದಿ ದೊಡ್ಡದು.

‘ಶೇ. 510 ವ್ಯಾಪ್ತಿ’ ಎಂದು ಬರೆದಿರುತ್ತಾರೆ. ಇದು ಏನು ಲೆಕ್ಕ?

ಅತಿ ದೊಡ್ಡ ಹಲ್ಲುಚಕ್ರವನ್ನು ಅತಿ ಸಣ್ಣದರಿಂದ ಭಾಗಿಸಿ, ನೂರರಿಂದ ಗುಣಿಸಿ. 51 ಭಾಗಿಸು 10 ಎಂದರೆ ಶೇ. 510. ಅತಿ ಭಾರದ ಗೇರ್ ಅತಿ ಹಗುರ ಗೇರ್‌ಗಿಂತ 5.1 ಪಟ್ಟು ದೂರ ಕೊಂಡೊಯ್ಯುತ್ತದೆ ಎಂದು ಇದರ ಅರ್ಥ. 10-52 ಆದರೆ ಶೇ. 520, 11-51 ಆದರೆ ಶೇ. 464, 11-46 ಆದರೆ ಶೇ. 418, 11-42 ಆದರೆ ಶೇ. 382. ಹೋಲಿಕೆಗೆ ಹಳೆಯ 3×10 ವ್ಯವಸ್ಥೆಯನ್ನು ತೆಗೆದುಕೊಳ್ಳಿ. ಮುಂದೆ 42-32-24, ಹಿಂದೆ 11-36 ಇದ್ದಾಗ ಸಿಗುತ್ತಿದ್ದದ್ದು ಶೇ. 573. ಅಂದರೆ ಕಳೆದುಕೊಂಡದ್ದು ಇದೆ, ಆದರೆ ಬಹಳವಲ್ಲ. ಕಳೆದುಕೊಂಡದ್ದೂ ಹೆಚ್ಚಾಗಿ ಮೇಲಿನ ವೇಗದ ತುದಿಯಲ್ಲಿ. ಕಾಡುಹಾದಿಯಲ್ಲಿ ಆ ವೇಗಕ್ಕೆ ಪೆಡಲ್ ತುಳಿಯುವ ಸಂದರ್ಭ ಕಡಿಮೆ.

ಮುಂದೆ 30, 32, 34, ಇವುಗಳಲ್ಲಿ ನನಗೆ ಯಾವುದು?

ನಿಮಗೆ ಎದುರಾಗುವ ಅತಿ ಕಡಿದಾದ ಏರನ್ನು ನೆನಪು ಮಾಡಿಕೊಳ್ಳಿ. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ. ಮುಂದೆ 32, ಹಿಂದೆ 51 ಇದ್ದರೆ ಪೆಡಲಿನ ಒಂದು ಸುತ್ತಿಗೆ 1.44 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 5.2 ಕಿ.ಮೀ. ಮುಂದೆ 30 ಹಾಕಿದರೆ ಅದೇ ತುಳಿತಕ್ಕೆ 4.9, ಮುಂದೆ 34 ಹಾಕಿದರೆ 5.5. ಕಾಗದದ ಮೇಲೆ ಈ ಅಂತರ ಚಿಕ್ಕದು. ಬೇರು, ಸಡಿಲ ಕಲ್ಲು ತುಂಬಿದ ಏರಿನ ಇಪ್ಪತ್ತನೆಯ ನಿಮಿಷದಲ್ಲಿ ಅದು ಇಳಿದು ನಡೆಯುವುದಕ್ಕೂ ಹತ್ತಿ ಮುಗಿಸುವುದಕ್ಕೂ ಇರುವ ಅಂತರ.

ಇನ್ನೊಂದು ತುದಿ: ಮುಂದೆ 32, ಹಿಂದೆ 10 ಇದ್ದು ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 40 ಕಿ.ಮೀ. ಹಿಂದೆ 11 ಇದ್ದರೆ 36. ಗೊಂದಲವಿದ್ದರೆ 30 ತೆಗೆದುಕೊಳ್ಳಿ ಎಂದೇ ನಾನು ಹೇಳುತ್ತೇನೆ. ಅತಿ ದೊಡ್ಡ ಹಲ್ಲುಚಕ್ರದಲ್ಲಿ ಕಾಲಿನ ಬಲ ಇನ್ನೂ ಉಳಿದಿದೆ ಎನಿಸಿದರೆ ಆಗ 32ಕ್ಕೆ ಹೋಗಿ. ಚೈನ್‌ರಿಂಗ್ ಈ ವ್ಯವಸ್ಥೆಯ ಅಗ್ಗದ ಭಾಗಗಳಲ್ಲಿ ಒಂದು.

## ಬೆಲೆ ಮತ್ತು ತೂಕ

ಡಿಯೋರ್, ಎಸ್‌ಎಲ್‌ಎಕ್ಸ್, ಎಕ್ಸ್‌ಟಿ, ಎಕ್ಸ್‌ಟಿಆರ್: ನಾಲ್ಕೂ 12 ಗೇರ್, ನಾಲ್ಕೂ 10-51. ಹಣ ಹೆಚ್ಚಾದಂತೆ ಸಿಗುವುದೇನು?

ಇವು ಶಿಮಾನೊದ ಅಗ್ಗದಿಂದ ದುಬಾರಿಯವರೆಗಿನ ದರ್ಜೆಗಳು. ಬಹುಪಾಲು ಲೋಹದ ವ್ಯತ್ಯಾಸ, ಅದೂ ಕ್ಯಾಸೆಟ್‌ನಲ್ಲಿ. ಡಿಯೋರ್ ಕ್ಯಾಸೆಟ್ ಪೂರ್ತಿ ಉಕ್ಕು, ಸುಮಾರು 593 ಗ್ರಾಂ. ಎಸ್‌ಎಲ್‌ಎಕ್ಸ್‌ನಲ್ಲಿ ಅತಿ ದೊಡ್ಡ ಹಲ್ಲುಚಕ್ರವೊಂದು ಅಲ್ಯೂಮಿನಿಯಂ, 534. ಎಕ್ಸ್‌ಟಿಯಲ್ಲಿ ದೊಡ್ಡವೆರಡು ಅಲ್ಯೂಮಿನಿಯಂ, 470. ಎಕ್ಸ್‌ಟಿಆರ್‌ನಲ್ಲಿ ಅಲ್ಯೂಮಿನಿಯಂ, ಟೈಟಾನಿಯಂ, ಉಕ್ಕು ಮೂರೂ ಸೇರಿ 367.

ಡಿಯೋರ್‌ನಿಂದ ಎಕ್ಸ್‌ಟಿಗೆ ಹೋದರೆ 123 ಗ್ರಾಂ ಕಡಿಮೆಯಾಗುತ್ತದೆ, ಬೆಲೆ ಒಂದೂವರೆ ಪಟ್ಟಿನ ಆಸುಪಾಸು. ಎಕ್ಸ್‌ಟಿಯಿಂದ ಎಕ್ಸ್‌ಟಿಆರ್‌ಗೆ ಹೋದರೆ 103 ಗ್ರಾಂ ಕಡಿಮೆ, ಬೆಲೆ ಮತ್ತೆ ಎರಡು ಪಟ್ಟಿಗೂ ಮೇಲೆ. ಡಿಯೋರ್‌ಗೆ ಹೋಲಿಸಿದರೆ ಎಕ್ಸ್‌ಟಿಆರ್ ಕ್ಯಾಸೆಟ್ ಮೂರರಿಂದ ನಾಲ್ಕು ಪಟ್ಟು ದುಬಾರಿ. ಅದು ಸವೆದು ಹೋಗುವ ವಸ್ತು ಎಂಬುದನ್ನು ಮರೆಯಬೇಡಿ. ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಹಲ್ಲುಗಳು ಉಕ್ಕಿನಷ್ಟು ಬಾಳುವುದೂ ಇಲ್ಲ. ಸ್ಪರ್ಧೆಗೆ ಇಳಿಯುವವರಿಗೆ ಎಕ್ಸ್‌ಟಿಆರ್‌ನ ಬೆಲೆ ನ್ಯಾಯವಾದದ್ದೇ. ವಾರಕ್ಕೆ ಎರಡು ಬಾರಿ ಕಾಡಿಗೆ ಹೋಗುವ ಸವಾರರಿಗೆ ಆ ಹಣದಲ್ಲಿ ಎರಡು ಒಳ್ಳೆಯ ಟೈರ್ ಮತ್ತು ಕೆಲವು ಚೈನ್‌ಗಳು ಬರುತ್ತವೆ. ಸೈಕಲ್ ಓಡುವ ಬಗೆಯನ್ನು ಅವು ಹೆಚ್ಚು ಬದಲಿಸುತ್ತವೆ.

ಸ್ರಾಮ್‌ನಲ್ಲಿ ಎನ್‌ಎಕ್ಸ್ ಮತ್ತು ಜಿಎಕ್ಸ್ ನಡುವೆ ಇಷ್ಟು ಅಂತರ ಏಕೆ?

ಎಸ್‌ಎಕ್ಸ್ ಮತ್ತು ಎನ್‌ಎಕ್ಸ್ ಈಗಲ್‌ನ ಕ್ಯಾಸೆಟ್ 11-50, ಸುಮಾರು 615 ಗ್ರಾಂ. ಹಳೆಯ ಬಗೆಯ ಫ್ರೀಹಬ್‌ಗೆ (ಹಿಂದಿನ ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಕೂರುತ್ತದೆ. ಜಿಎಕ್ಸ್ ಈಗಲ್ 10-50 ಅಥವಾ 10-52. 10-50ರ ತೂಕ ಸುಮಾರು 450 ಗ್ರಾಂ. ಒಂದೇ ಮೆಟ್ಟಿಲಿಗೆ 165 ಗ್ರಾಂ ಇಳಿಕೆ, ಜೊತೆಗೆ 10 ಹಲ್ಲಿನ ಸಣ್ಣ ಗೇರ್. ಆದರೆ ಅದಕ್ಕೆ ಎಕ್ಸ್‌ಡಿ ಎಂಬ ಬೇರೆ ಫ್ರೀಹಬ್ ಬೇಕು. ಮೇಲಿನ ಎಕ್ಸ್‌01 ಮತ್ತು ಎಕ್ಸ್‌ಎಕ್ಸ್‌1 ಕ್ಯಾಸೆಟ್‌ಗಳು 360 ಗ್ರಾಂ ಆಸುಪಾಸು. ಉಕ್ಕಿನ ಒಂದೇ ಗಟ್ಟಿಯಿಂದ ಕಡೆದು ತೆಗೆದವು, ದೊಡ್ಡ ಹಲ್ಲುಚಕ್ರ ಮಾತ್ರ ಅಲ್ಯೂಮಿನಿಯಂ. ಹಗುರವಾಗಿದ್ದೂ ಚೆನ್ನಾಗಿ ಬಾಳುತ್ತವೆ, ಬೆಲೆ ಕೇಳಿದಾಗ ಮಾತ್ರ ಎದೆ ಗಟ್ಟಿ ಇರಬೇಕು.

ಹೊಸ ಸೈಕಲ್ ಕೊಳ್ಳುವವರು ಒಂದು ವಿಷಯ ನೋಡಿ. ಜಾಹೀರಾತಿನಲ್ಲಿ ಹಿಂದಿನ ಡಿರೇಲರ್ ದೊಡ್ಡ ಹೆಸರಿನದು, ಕ್ಯಾಸೆಟ್ ಮತ್ತು ಚೈನ್ ಕೆಳಗಿನ ದರ್ಜೆಯವು ಆಗಿರುವುದುಂಟು. ಡಿರೇಲರ್ ಕಣ್ಣಿಗೆ ಬೀಳುತ್ತದೆ, ಕ್ಯಾಸೆಟ್‌ನ ಹೆಸರನ್ನು ಯಾರೂ ಓದುವುದಿಲ್ಲ. ನೀವು ಓದಿ.

ಎರಡು ಚೈನ್‌ರಿಂಗ್‌ನಿಂದ ಒಂದಕ್ಕೆ ಬಂದರೆ ಸೈಕಲ್ ಎಷ್ಟು ಹಗುರವಾಗುತ್ತದೆ?

ಮುಂದಿನ ಡಿರೇಲರ್, ಎಡಗೈ ಶಿಫ್ಟರ್ (ಗೇರ್ ಬದಲಿಸುವ ಲಿವರ್), ಕೇಬಲ್, ಒಂದು ರಿಂಗ್, ಎಲ್ಲ ಸೇರಿ 300ರಿಂದ 400 ಗ್ರಾಂ ಹೋಗುತ್ತದೆ. ಆದರೆ ಹಳೆಯ 11-36 ಎಕ್ಸ್‌ಟಿ ಕ್ಯಾಸೆಟ್ 350 ಗ್ರಾಂ ಆಸುಪಾಸು ಇತ್ತು. ಅದರ ಜಾಗಕ್ಕೆ 593 ಗ್ರಾಂನ ಡಿಯೋರ್ ಬಂದರೆ ಉಳಿಸಿದ ಬಹುಪಾಲು ತೂಕ ಹಿಂದಿನ ಚಕ್ರಕ್ಕೆ ಮರಳಿ ಬರುತ್ತದೆ. ಅಲ್ಲಿ ಬರುವುದು ಅಷ್ಟು ಒಳ್ಳೆಯದೂ ಅಲ್ಲ, ಏಕೆಂದರೆ ಹಿಂದಿನ ಸಸ್ಪೆನ್ಷನ್ ಪ್ರತಿ ಕಲ್ಲಿಗೂ ಮೇಲೆ ಕೆಳಗೆ ಆಡಿಸಬೇಕಾದ ಭಾರ ಅದು. ಕ್ಯಾಸೆಟ್ ಹಬ್‌ಗೆ ಅಂಟಿಕೊಂಡಿರುವುದರಿಂದ ಚಕ್ರ ತಿರುಗಿಸುವ ಶ್ರಮ ಹೆಚ್ಚುವುದು ಅತ್ಯಲ್ಪ, ಆ ಚಿಂತೆ ಬೇಡ.

ತೂಕಕ್ಕಾಗಿ ಒಂದು ಚೈನ್‌ರಿಂಗ್‌ಗೆ ಬದಲಾಗಬೇಡಿ. ಎಡ ಹೆಬ್ಬೆರಳು ಬಿಡುವಾಗುತ್ತದೆ, ಅಲ್ಲಿ ಸೀಟನ್ನು ಏರಿಸಿ ಇಳಿಸುವ ಡ್ರಾಪರ್ ಪೋಸ್ಟ್‌ನ ಲಿವರ್ ಬಂದು ಕೂರುತ್ತದೆ. ಎದುರಿಗೆ ಏರು ಬಂದಾಗ ಎರಡು ಕೈಗಳ ಲೆಕ್ಕ ಹಾಕದೆ ಒಂದೇ ಬೆರಳಿನಿಂದ ಗೇರ್ ಇಳಿಸುತ್ತೀರಿ. ನಿಜವಾದ ಲಾಭ ಇದು.

ನನ್ನ ಹತ್ತಿರ ಹಣ ಸ್ವಲ್ಪವೇ ಇದೆ. ಯಾವ ಭಾಗಕ್ಕೆ ಹಾಕಲಿ?

ಶಿಫ್ಟರ್‌ಗೆ. ಇದನ್ನು ಎಷ್ಟು ಬಾರಿ ಹೇಳಿದರೂ ನನಗೆ ಬೇಸರವಿಲ್ಲ. ಬೆರಳಿಗೆ ತಾಗುವುದು ಅದೊಂದೇ, ಕೆಡುವುದು ಅತಿ ಕಡಿಮೆ, ಮೇಲಿನ ದರ್ಜೆಗೆ ಹೋಗಲು ತೆರಬೇಕಾದ ಹೆಚ್ಚುವರಿ ಹಣವೂ ಚಿಕ್ಕದು. ಶಿಮಾನೊ 12 ಗೇರ್‌ನ ಡಿಯೋರ್‌ನಿಂದ ಎಕ್ಸ್‌ಟಿಆರ್‌ವರೆಗಿನ ಕೇಬಲ್ ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಎಕ್ಸ್‌ಟಿ ಶಿಫ್ಟರ್‌ನ ಬಿಡುಗಡೆ ಲಿವರ್ ಒಂದೇ ಒತ್ತಿಗೆ ಎರಡು ಗೇರ್ ಬಿಡುತ್ತದೆ. ಏರು ಮುಗಿದು ಇಳಿಜಾರು ತೆರೆದುಕೊಳ್ಳುವ ಆ ಗಳಿಗೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಹೀಗೆ ಜೋಡಿಸಿ: ಎಕ್ಸ್‌ಟಿ ಶಿಫ್ಟರ್, ಡಿಯೋರ್ ಅಥವಾ ಎಸ್‌ಎಲ್‌ಎಕ್ಸ್ ಡಿರೇಲರ್, ಡಿಯೋರ್ ಕ್ಯಾಸೆಟ್. ಡಿರೇಲರ್ ಕಲ್ಲಿಗೆ ಬಡಿಯುವ ಜಾಗದಲ್ಲಿದೆ. ಡಿಯೋರ್‌ಗೂ ಎಕ್ಸ್‌ಟಿಗೂ ಅಲ್ಲಿರುವ ತೂಕದ ಅಂತರ ಸುಮಾರು 35 ಗ್ರಾಂ ಮಾತ್ರ. ಒಡೆಯುವ ವಸ್ತು ಅಗ್ಗವಾಗಿದ್ದರೆ ಮನಸ್ಸು ಹಗುರ.

12 ಗೇರ್ ಬೇಕೇ ಬೇಕೇ? 9, 10, 11 ಇದ್ದರೆ ಆಗದೇ?

ಆಗುತ್ತದೆ, ಬಹಳ ಜನರಿಗೆ ಅದೇ ಒಳ್ಳೆಯದು. ಗೇರ್ ಕಡಿಮೆಯಾದರೆ ಎರಡು ಗೇರ್‌ಗಳ ನಡುವಿನ ಜಿಗಿತ ದೊಡ್ಡದಾಗುತ್ತದೆ, ಸಮತಟ್ಟಿನಲ್ಲಿ ಒಂದೇ ಲಯದಲ್ಲಿ ದೂರ ಹೋಗುವವರಿಗೆ ಅದು ಕಿರಿಕಿರಿ. ಏರಿಳಿತದ ಹಾದಿಯಲ್ಲಿ ಹೇಗೂ ಎರಡೆರಡು ಗೇರ್ ಹಾರುತ್ತಲೇ ಇರುತ್ತೇವೆ.

ಶಿಮಾನೊ ಡಿಯೋರ್ ಎಂ5100 ಎಂಬುದು 11 ಗೇರ್, 11-51. ಮೈಕ್ರೋಶಿಫ್ಟ್‌ನ ಅಡ್ವೆಂಟ್ ಎಕ್ಸ್ 10 ಗೇರ್, 11-48, ಕ್ಲಚ್ ಸಹಿತ. 2023ರಲ್ಲಿ ಬಂದ ಶಿಮಾನೊ ಕ್ಯೂಸ್ 9, 10, 11 ಗೇರ್‌ಗಳಲ್ಲಿ ಸಿಗುತ್ತದೆ. ಅದರ ಲಿಂಕ್‌ಗ್ಲೈಡ್ ಕ್ಯಾಸೆಟ್‌ನ ಹಲ್ಲುಗಳು ದಪ್ಪ. ಮೂರು ಪಟ್ಟು ಬಾಳಿಕೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ತೂಕ ಹೆಚ್ಚು, ಗೇರ್ ಬೀಳುವ ಚುರುಕು ಸ್ವಲ್ಪ ಕಡಿಮೆ, ಆದರೆ ಕೆಸರಿನಲ್ಲಿ ನಿತ್ಯ ಓಡಿಸುವವರಿಗೆ ನಾನು ಹಿಂಜರಿಯದೆ ಹೇಳುವ ಹೆಸರು ಅದು.

ಒಂದೇ ವರ್ಷಕ್ಕೆ ಕ್ಯಾಸೆಟ್ ಸವೆಯಿತು. ಇದಕ್ಕೆ ಏನು ಮಾಡಲಿ?

ಸವೆದ ಚೈನ್ ಕ್ಯಾಸೆಟ್ಟನ್ನು ತಿನ್ನುತ್ತದೆ. ಚೈನಿನ ಪಿನ್‌ನಿಂದ ಪಿನ್‌ಗೆ 12.7 ಮಿ.ಮೀ. ಹಾಗಾಗಿ 24 ಕೊಂಡಿಗಳ ಅಳತೆ ಹೊಸದರಲ್ಲಿ 304.8 ಮಿ.ಮೀ. ಪಿನ್‌ಗಳ ಕೀಲು ಸವೆದಂತೆ ಇದು ಉದ್ದವಾಗುತ್ತದೆ. 306.3ಕ್ಕೆ ಬಂದರೆ ಶೇ. 0.5 ಸವೆತ. 11 ಮತ್ತು 12 ಗೇರ್‌ನ ಚೈನನ್ನು ಅಲ್ಲಿಗೇ ಬದಲಿಸಿ, 10 ಅಥವಾ ಕಡಿಮೆ ಗೇರ್ ಇದ್ದರೆ ಶೇ. 0.75ರವರೆಗೆ ಬಿಡಬಹುದು. ಒಂದೂವರೆ ಮಿಲಿಮೀಟರನ್ನು ಅಳತೆಪಟ್ಟಿಯಲ್ಲಿ ಹಿಡಿಯುವುದು ಕಷ್ಟ. ಚೈನ್ ಅಳೆಯುವ ಪುಟ್ಟ ಉಪಕರಣವನ್ನು ಕೊಂಡುಬಿಡಿ, ಒಂದು ಕ್ಯಾಸೆಟ್ ಉಳಿಸಿದರೆ ಅದರ ಬೆಲೆ ಹಲವು ಬಾರಿ ಮರಳಿ ಬಂದಂತೆ.

ಹೊಸ ಚೈನ್ ಹಾಕಿದ ಮೇಲೆ ನಿಂತು ತುಳಿದಾಗ ಯಾವುದೋ ಒಂದು ಹಲ್ಲುಚಕ್ರದಲ್ಲಿ ಟಕ್ಕೆಂದು ಜಾರಿದರೆ ಕಾಲ ಮಿಂಚಿದೆ, ಕ್ಯಾಸೆಟ್ ಹೋಯಿತು. ಇನ್ನೊಂದು ಕಾರಣ, ಒಂದೇ ಚೈನ್‌ರಿಂಗ್ ಇದ್ದಾಗ ಬಹುಪಾಲು ಓಟ ನಡುವಿನ ಮೂರು ನಾಲ್ಕು ಹಲ್ಲುಚಕ್ರಗಳ ಮೇಲೇ ನಡೆಯುತ್ತದೆ. ಮುಂದಿನ ರಿಂಗ್‌ಗಂತೂ ಬಿಡುವೇ ಇಲ್ಲ. ಅದರ ಹಲ್ಲು ಶಾರ್ಕ್ ರೆಕ್ಕೆಯಂತೆ ಬಾಗಿದ್ದರೆ ಚೈನ್ ಜೊತೆಗೆ ಅದನ್ನೂ ಬದಲಿಸಿ. ಬಾಳಿಕೆ ಬೇಕಾದರೆ ಉಕ್ಕಿನ ರಿಂಗ್ ತೆಗೆದುಕೊಳ್ಳಿ.

## ಜೋಡಣೆ ಮತ್ತು ಓಟ

ಶಿಮಾನೊ ಒಳ್ಳೆಯದೋ, ಸ್ರಾಮ್ ಒಳ್ಳೆಯದೋ? ಒಂದೇ ಮಾತಿನಲ್ಲಿ ಹೇಳಿ.

ಕೇಬಲ್‌ನಲ್ಲಿ ಓಡುವ 12 ಗೇರ್ ಎಂದರೆ ನನ್ನ ಆಯ್ಕೆ ಶಿಮಾನೊ. ಕಾಲಿನ ಬಲ ಚೈನ್ ಮೇಲಿರುವಾಗಲೂ ಗೇರ್ ಮೆತ್ತಗೆ ಬೀಳುತ್ತದೆ. ಕೊನೆಯ ಜಿಗಿತವೂ ಹದವಾದದ್ದು: ಶಿಮಾನೊದಲ್ಲಿ 45ರಿಂದ 51, ಅಂದರೆ ಶೇ. 13. ಸ್ರಾಮ್‌ನ 10-52ರಲ್ಲಿ 42ರಿಂದ 52, ಅಂದರೆ ಶೇ. 24. ದಣಿದಾಗ ಆ ಕೊನೆಯ ಗೇರ್‌ಗೆ ಇಳಿದರೆ ಕಾಲು ಗಾಳಿಯಲ್ಲಿ ತಿರುಗಿದಂತೆ ಅನಿಸಬಹುದು. ಕೆಲವರಿಗೆ ಅದೇ ಬೇಕು, ಅದನ್ನು ತುರ್ತಿನ ಗೇರ್ ಎಂದು ಎತ್ತಿಟ್ಟುಕೊಳ್ಳುತ್ತಾರೆ. ತಂತಿಯಿಲ್ಲದ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಮಾತ್ರ ಸ್ರಾಮ್ ವರ್ಷಗಳ ಕಾಲ ಮುಂದಿತ್ತು. ಅದರ ಮಾತು ಕೆಳಗಿದೆ.

ನನ್ನ ಹಳೆಯ ಚಕ್ರಕ್ಕೆ ಹೊಸ ದೊಡ್ಡ ಕ್ಯಾಸೆಟ್ ಕೂರುತ್ತದೆಯೇ?

ಬಹಳ ಜನ ಹಣ ಕಳೆದುಕೊಳ್ಳುವುದು ಇಲ್ಲಿ. ಎಚ್‌ಜಿ ಎಂಬ ಹಳೆಯ ಬಗೆಯ ಫ್ರೀಹಬ್ ಮೇಲೆ 11 ಹಲ್ಲಿಗಿಂತ ಸಣ್ಣದು ಕೂರುವುದಿಲ್ಲ. ಶಿಮಾನೊ 10-51ಕ್ಕೆ ಮೈಕ್ರೋ ಸ್ಪ್ಲೈನ್ ಎಂಬ ಫ್ರೀಹಬ್ ಬೇಕು, ಸ್ರಾಮ್ 10-50, 10-52ಕ್ಕೆ ಎಕ್ಸ್‌ಡಿ ಬೇಕು. ನಿಮ್ಮ ಹಬ್‌ಗೆ ಆ ಫ್ರೀಹಬ್ ಬಿಡಿಯಾಗಿ ಸಿಗದಿದ್ದರೆ ಹೊಸ ಚಕ್ರವನ್ನೇ ಕಟ್ಟಿಸಬೇಕಾಗುತ್ತದೆ, ಖರ್ಚು ಅಲ್ಲಿಗೆ ಇಮ್ಮಡಿಸುತ್ತದೆ.

ಎಚ್‌ಜಿ ಫ್ರೀಹಬ್ ಉಳಿಸಿಕೊಂಡೇ ಬದಲಾಗಲು ದಾರಿಗಳಿವೆ. 11 ಗೇರ್‌ನ ಡಿಯೋರ್ 11-51, ಕ್ಯೂಸ್, ಅಡ್ವೆಂಟ್ ಎಕ್ಸ್, ಎನ್‌ಎಕ್ಸ್ ಈಗಲ್, ಸನ್‌ರೇಸ್‌ನ ಕ್ಯಾಸೆಟ್‌ಗಳು ಇದರ ಮೇಲೆಯೇ ಕೂರುತ್ತವೆ. ಹಳೆಯ ಸೈಕಲ್‌ಗೆ ಹೊಸ ಜೀವ ಕೊಡಲು ಬಂದವರಿಗೆ ನಾನು ಮೊದಲು ತೋರಿಸುವುದು 11 ಗೇರ್‌ನ ಡಿಯೋರ್.

ಒಂದು ಕಂಪನಿಯ ಶಿಫ್ಟರ್, ಇನ್ನೊಂದರ ಡಿರೇಲರ್ ಹಾಕಬಹುದೇ?

ಬೇಡ. ಒಂದು ಒತ್ತಿಗೆ ಎಳೆಯುವ ಕೇಬಲ್‌ನ ಉದ್ದ ಬೇರೆ ಬೇರೆ. ಶಿಫ್ಟರ್ ಮತ್ತು ಡಿರೇಲರ್ ಒಂದೇ ಕುಟುಂಬದವು ಆಗಿರಲಿ. ಚೈನ್ ಮತ್ತು ಕ್ಯಾಸೆಟ್‌ನಲ್ಲಿ ಸ್ವಲ್ಪ ಸ್ವಾತಂತ್ರ್ಯವಿದೆ, ಆದರೆ ಶಿಮಾನೊ 12 ಗೇರ್‌ನ ಮೆತ್ತನೆಯ ಗೇರ್ ಬದಲಾವಣೆ ಅದರದೇ ಚೈನ್ ಇದ್ದಾಗ ಮಾತ್ರ ಪೂರ್ತಿ ಸಿಗುತ್ತದೆ. ಕ್ಯೂಸ್‌ನ ಲಿಂಕ್‌ಗ್ಲೈಡ್ ಕ್ಯಾಸೆಟ್ಟನ್ನು ಶಿಮಾನೊದ ಇತರ (ಎಚ್‌ಜಿ ಬಗೆಯ) ಡಿರೇಲರ್, ಶಿಫ್ಟರ್‌ಗಳ ಜೊತೆ ಬೆರೆಸಬೇಡಿ. ಹಲ್ಲುಚಕ್ರಗಳ ನಡುವಿನ ಅಂತರವೇ ಬೇರೆ.

ಅತಿ ಹಗುರ ಗೇರ್‌ನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಚೈನ್ ಪಕ್ಕದ ಹಲ್ಲುಚಕ್ರಕ್ಕೆ ಜಾರುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ, ಚೈನ್ ಓರೆಯಾಗಿದೆ. ಮುಂದಿನ ರಿಂಗ್ ಒಂದೇ ಕಡೆ ನಿಂತಿರುವುದರಿಂದ ಒಳಗಿನ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಕೋನದಲ್ಲಿ ಹೋಗಬೇಕು. ಸ್ವಲ್ಪ ಜಾರಿದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಸುತ್ತಿಗೇ ಎರಡು ಹಲ್ಲುಚಕ್ರ ಇಳಿದರೆ ರಿಂಗ್ ತಪ್ಪಾದ ಅಂತರದಲ್ಲಿದೆ ಎಂದು ಅರ್ಥ. ಹಿಂದಿನ ಹಬ್ 148 ಮಿ.ಮೀ. ಅಗಲದ ‘ಬೂಸ್ಟ್’ ಬಗೆಯದಾಗಿದ್ದರೆ ಚೈನ್‌ಲೈನ್ (ಫ್ರೇಮ್‌ನ ನಡುಗೆರೆಯಿಂದ ಚೈನ್‌ರಿಂಗ್‌ಗಿರುವ ದೂರ) ಸಾಮಾನ್ಯವಾಗಿ 52 ಮಿ.ಮೀ., ಹಳೆಯ 142ಕ್ಕೆ 49ರ ಆಸುಪಾಸು. ನೇರವಾಗಿ ಕ್ರ್ಯಾಂಕ್‌ಗೆ ಕೂರುವ ಸ್ರಾಮ್ ರಿಂಗ್‌ಗಳಲ್ಲಿ ಬೂಸ್ಟ್‌ಗೆ 3 ಮಿ.ಮೀ. ಆಫ್‌ಸೆಟ್ (ರಿಂಗ್ ಒಳಕ್ಕೆ ಸರಿದಿರುವ ಅಳತೆ), ಹಳೆಯದಕ್ಕೆ 6 ಮಿ.ಮೀ. ಈ ಎರಡನ್ನು ಅದಲುಬದಲು ಮಾಡಿದ ಸೈಕಲ್‌ಗಳು ನನ್ನ ಕೈಗೆ ಹಲವು ಬಾರಿ ಬಂದಿವೆ.

ಸೈಕಲ್ ಬಲಕ್ಕೆ ಬಿದ್ದ ಮೇಲೆ ಎಷ್ಟು ತಿರುಪಿದರೂ ಗೇರ್ ಸರಿಯಾಗುತ್ತಿಲ್ಲ.

ತಿರುಪುವುದನ್ನು ನಿಲ್ಲಿಸಿ. ಡಿರೇಲರ್ ನೇತುಹಾಕುವ ಹ್ಯಾಂಗರ್ ಬಾಗಿದೆ. ಸೈಕಲ್‌ನ ಹಿಂದೆ ಮಂಡಿಯೂರಿ ಒಂದು ಕಣ್ಣು ಮುಚ್ಚಿ ನೋಡಿ: ಡಿರೇಲರ್‌ನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ಬರಬೇಕು. ಕೆಳಗಿನ ಗಾಲಿ ಚಕ್ರದ ಕಡೆಗೆ ವಾಲಿದ್ದರೆ ರೋಗ ಅದೇ. 12 ಗೇರ್‌ನಲ್ಲಿ ಹಲ್ಲುಚಕ್ರಗಳು ಅಷ್ಟು ಒತ್ತಾಗಿರುವುದರಿಂದ ಹ್ಯಾಂಗರ್ ಒಂದೆರಡು ಮಿಲಿಮೀಟರ್ ವಾಲಿದರೂ ಸಾಕು, ನಡುವಿನ ಗೇರ್‌ಗಳು ತಡಬಡಾಯಿಸುತ್ತವೆ.

ಒಮ್ಮೆ ನಾನೂ ಇದನ್ನು ಗಮನಿಸದೆ ಅರ್ಧ ದಿನ ಕೇಬಲ್ ಬಿಗಿ ಮಾಡುತ್ತ ಕೂತಿದ್ದೆ. ಮರುದಿನ ಏರಿನಲ್ಲಿ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಡಿರೇಲರ್, ಹ್ಯಾಂಗರ್ ಎರಡೂ ಮುರಿದವು. ಅಂದಿನಿಂದ ಒಂದು ಹೆಚ್ಚುವರಿ ಹ್ಯಾಂಗರ್ ಚೀಲದಲ್ಲೇ ಇರುತ್ತದೆ. 2019ರಲ್ಲಿ ಸ್ರಾಮ್ ತಂದ ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್‌ನಿಂದ ಹೊಸ ಫ್ರೇಮ್‌ಗಳಲ್ಲಿ ಬಿಡಿಭಾಗ ಹುಡುಕುವ ಪಾಡು ಬಹಳ ಕಡಿಮೆಯಾಗಿದೆ.

ತಂತಿಯಿಲ್ಲದ ಎಲೆಕ್ಟ್ರಾನಿಕ್ ಗೇರ್‌ಗೆ ಅಷ್ಟು ಹಣ ಕೊಡಬಹುದೇ?

ಸ್ರಾಮ್‌ನ ಈಗಲ್ ಎಎಕ್ಸ್‌ಎಸ್ 2019ರಲ್ಲಿ, ಅದರ ಮುಂದಿನ ಪೀಳಿಗೆಯಾದ ಟ್ರಾನ್ಸ್‌ಮಿಷನ್ 2023ರಲ್ಲಿ ಬಂದವು. ಶಿಮಾನೊದ ತಂತಿಯಿಲ್ಲದ ಎಕ್ಸ್‌ಟಿಆರ್ 2025ರಲ್ಲಿ ಬಂದಿತು. ಟ್ರಾನ್ಸ್‌ಮಿಷನ್‌ನಲ್ಲಿ ಹ್ಯಾಂಗರ್ ಇಲ್ಲವೇ ಇಲ್ಲ. ಡಿರೇಲರ್ ನೇರವಾಗಿ ಹಿಂದಿನ ಆಕ್ಸಲ್ ಸುತ್ತ ಫ್ರೇಮ್ ಹಿಡಿದುಕೊಳ್ಳುತ್ತದೆ, ಚೈನ್ ತುದಿ ದಾಟದಂತೆ ತಡೆಯುವ ಮಿತಿ ತಿರುಪುಗಳೂ ಇಲ್ಲ. ಪೂರ್ತಿ ಬಲದಿಂದ ತುಳಿಯುತ್ತಲೇ ಗೇರ್ ಇಳಿಸಬಹುದು, ಚೈನ್ ಹಲ್ಲಿನಿಂದ ಹಲ್ಲಿಗೆ ನಿಧಾನವಾಗಿ, ತಪ್ಪದೆ ಹತ್ತುತ್ತದೆ. ಆದರೆ ಯುಡಿಎಚ್ ಫ್ರೇಮ್ ಇಲ್ಲದಿದ್ದರೆ ಅದು ನಿಮಗಲ್ಲ. ಕ್ಯಾಸೆಟ್, ಚೈನ್ ಕೂಡ ಅದರವೇ ಬೇಕು.

ಎಕ್ಸ್‌ಟಿ ದರ್ಜೆಯ ಕೇಬಲ್ ವ್ಯವಸ್ಥೆಗಿಂತ ಹಗುರವಾಗುತ್ತದೆಂದು ಕೊಳ್ಳಬೇಡಿ, ಸಾಮಾನ್ಯವಾಗಿ ಆಗುವುದಿಲ್ಲ. ಕೆಸರಿನಲ್ಲಿ ಕೇಬಲ್ ಬಿಗಿಯಾಗುವ ಕಾಟದಿಂದ ಬೇಸತ್ತವರಿಗೆ, ಹೆಬ್ಬೆರಳಿನಲ್ಲಿ ಬಲ ಕಡಿಮೆಯಿರುವವರಿಗೆ, ದಿನಗಟ್ಟಲೆ ಸ್ಪರ್ಧಿಸುವವರಿಗೆ ಆ ಹಣ ಸಾರ್ಥಕ. ಕೇಬಲ್‌ನಲ್ಲೇ ಟ್ರಾನ್ಸ್‌ಮಿಷನ್ ಬೇಕು ಎನ್ನುವವರಿಗೆ 2025ರಿಂದ ಈಗಲ್ 70 ಮತ್ತು 90 ಇವೆ. ಬಂಡೆಗೆ ಬಡಿದು ಒಡೆಯುವ ಜಾಗದಲ್ಲಿ ದುಬಾರಿ ಮೋಟರ್ ನೇತುಹಾಕುವುದಕ್ಕಿಂತ ಬಹುಪಾಲು ಸವಾರರಿಗೆ ಇವೇ ಹೆಚ್ಚು ಸರಿಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ.

ಒಂದೇ ಚೈನ್‌ರಿಂಗ್‌ನಲ್ಲಿ ಕಾಲಿನ ಶಕ್ತಿ ಪೋಲಾಗುತ್ತದೆಯೇ?

ಸ್ವಲ್ಪ. ಚೈನ್ ಓರೆಯಾದಷ್ಟೂ ಘರ್ಷಣೆ ಹೆಚ್ಚು, ಹಲ್ಲುಚಕ್ರ ಸಣ್ಣದಾದಷ್ಟೂ ಪ್ರತಿ ಕೊಂಡಿ ಹೆಚ್ಚು ಮಡಚಬೇಕು. ಆದ್ದರಿಂದ 10 ಹಲ್ಲಿನಲ್ಲಿ ಗಂಟೆಗಟ್ಟಲೆ ತುಳಿಯುವ ಅಭ್ಯಾಸವಿದ್ದರೆ ಮುಂದೆ ದೊಡ್ಡ ರಿಂಗ್ ಹಾಕಿ, ಚೈನ್ ಕ್ಯಾಸೆಟ್‌ನ ನಡುವೆ ಓಡಲಿ. ಕಾಡುಹಾದಿಯಲ್ಲಿ ಕೊಳೆಯಾದ, ಎಣ್ಣೆ ಕಾಣದ ಚೈನ್ ಇದಕ್ಕಿಂತ ಹೆಚ್ಚು ಕದಿಯುತ್ತದೆ.

ರಿಂಗ್ ಅನ್ನು 34ರಿಂದ 30ಕ್ಕೆ ಇಳಿಸಿದ ಮೇಲೆ ಹಿಂದಿನ ಸಸ್ಪೆನ್ಷನ್ ಬೇರೆ ಥರ ಅನಿಸುತ್ತಿದೆ. ಭ್ರಮೆಯೇ?

ಭ್ರಮೆಯಲ್ಲ. ಚೈನಿನ ಎಳೆತ ಯಾವ ಎತ್ತರದಲ್ಲಿ, ಯಾವ ಕೋನದಲ್ಲಿ ಹಾದುಹೋಗುತ್ತದೆ ಎಂಬುದರ ಮೇಲೆ ತುಳಿಯುವಾಗ ಸಸ್ಪೆನ್ಷನ್ ಕುಸಿಯುವುದೋ ನಿಲ್ಲುವುದೋ ನಿರ್ಧಾರವಾಗುತ್ತದೆ. ಸಾಮಾನ್ಯ ಬಗೆಯ ಫ್ರೇಮ್‌ಗಳಲ್ಲಿ ಸಣ್ಣ ರಿಂಗ್ ಹಾಕಿದರೆ ತುಳಿತಕ್ಕೆ ಕುಸಿಯದಂತೆ ತಡೆಯುವ ಗುಣ ಹೆಚ್ಚುತ್ತದೆ, ಜೊತೆಗೆ ಉಬ್ಬುಗಳ ಮೇಲೆ ಪೆಡಲ್ ಕಾಲನ್ನು ಒದ್ದಂತೆಯೂ ಆಗುತ್ತದೆ. ಗಾಳಿಯ ಒತ್ತಡ ಬದಲಿಸುವ ಮುನ್ನ ಚೈನಿನ ಉದ್ದ ನೋಡಿ. ಶಾಕ್‌ನ ಗಾಳಿ ತೆಗೆದು, ಹಿಂದಿನ ಸಸ್ಪೆನ್ಷನ್ ಪೂರ್ತಿ ಒತ್ತಿ, ಚೈನನ್ನು ಅತಿ ದೊಡ್ಡ ಹಲ್ಲುಚಕ್ರದಲ್ಲಿಟ್ಟು ಡಿರೇಲರ್‌ನ ತೋಳು ವಿಪರೀತ ಎಳೆದುಕೊಂಡಿದೆಯೇ ಎಂದು ಪರೀಕ್ಷಿಸಿ. ರಿಂಗ್ ಚಿಕ್ಕದಾದಾಗ ಚೈನ್ ಉದ್ದ ಉಳಿಯುತ್ತದೆ. ಹಾಗಾಗಿ 10 ಹಲ್ಲಿನಲ್ಲಿ ಅದು ಜೋತುಬಿದ್ದರೆ ಎರಡು ಕೊಂಡಿ ತೆಗೆಯಿರಿ.